ಹಳದಿ ದೀಪದ ಮೇಲಿನ ಬಿಂದಿ

ಮೆಕ್ಯಾನಿಕ್ ಬಸಲಿಂಗನ ಕೈ ಡ್ಯಾಶ್‌ಬೋರ್ಡಿನ ಹತ್ತಿರ ಹೋದಾಗಲೆಲ್ಲ ಕೃಷ್ಣಸ್ವಾಮಿ ಕುರ್ಚಿಯಿಂದ ಅರ್ಧಕ್ಕೆ ಏಳುತ್ತಿದ್ದ. ಸ್ಪೀಡೋಮೀಟರಿನ ಗಾಜಿನ ಮೇಲೆ, ಎಡಗಡೆ ಕೆಳಮೂಲೆಯಲ್ಲಿ, ಮೆರೂನ್ ಬಣ್ಣದ ಒಂದು ಸ್ಟಿಕರ್ ಬಿಂದಿ ಅಂಟಿಕೊಂಡಿತ್ತು. ಅದರ ಹಿಂದೆ ಇಂಜಿನ್ನಿನ ಚಿತ್ರದ ಹಳದಿ ದೀಪ ಉರಿಯುತ್ತಿತ್ತು. ಬಿಂದಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಸೋರುತ್ತಿತ್ತು. ಪೀಣ್ಯ ಎರಡನೇ ಹಂತದ ಈ ಶೆಡ್ಡಿಗೆ ಕೃಷ್ಣಸ್ವಾಮಿ ಬಂದದ್ದು ಇದೇ ಮೊದಲು. ಬಾಗಲಗುಂಟೆಯ ಮನೆಯಿಂದ ಎರಡು ಬೀದಿ ಆಚೆ ಪಾಪಯ್ಯನ ಗ್ಯಾರೇಜು ಇದೆ, ಹದಿನಾಲ್ಕು ವರ್ಷದಿಂದ ಈ ಕಾರನ್ನು ನೋಡಿಕೊಂಡವನು ಪಾಪಯ್ಯನೇ. ಆದರೆ ಹೋದ ವರ್ಷ ಸೆಪ್ಟೆಂಬರಿನಲ್ಲಿ ಆಯಿಲ್ ಬದಲಿಸುವಾಗ ಪಾಪಯ್ಯ, "ಸಾರ್, ಆ ಲೈಟು ಯಾಕೋ ಉರೀತಿದೆ, ಒಂದ್ಸಲ ಚೆಕ್ ಮಾಡ್ಬಿಡೋಣ" ಎಂದಿದ್ದ. "ಮುಂದಿನ ಸಲ ನೋಡೋಣ ಬಿಡಯ್ಯ" ಎಂದು ಹೊರಟುಬಂದಿದ್ದ ಕೃಷ್ಣಸ್ವಾಮಿ. ಈಗ ಅವನ ಮುಂದೆ ಹೋಗಿ ನಿಲ್ಲಲು ಮುಖವಿರಲಿಲ್ಲ. ಪಾಪಯ್ಯ ಚುಚ್ಚಿ ಮಾತಾಡುವವನಲ್ಲ, ಸುಮ್ಮನೆ ಬಾನೆಟ್ ಎತ್ತಿ ಕೆಲಸ ಶುರುಮಾಡುತ್ತಿದ್ದ. ಆ ಸುಮ್ಮನಿರುವಿಕೆಯನ್ನು ಎದುರಿಸುವುದಕ್ಕಿಂತ ಪರಿಚಯವಿಲ್ಲದವನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುವುದೇ ಮೇಲು ಅನ್ನಿಸಿ, ನಿನ್ನೆ ಎಮಿಷನ್ ಟೆಸ್ಟಿನ ವ್ಯಾನಿನವನು ಹೊಗೆ ನೋಡಿ ಫೇಲ್ ಎಂದು ಚೀಟಿ ಕೊಟ್ಟ ಮೇಲೆ, ಈ ಬೆಳಿಗ್ಗೆ ಗಾಡಿಯನ್ನು ಇಲ್ಲಿಗೆ ತೆವಳಿಸಿಕೊಂಡು ಬಂದಿದ್ದ. ಇಳಿವಯಸ್ಸಿನಲ್ಲಿ ಮನುಷ್ಯ ಎಂತೆಂಥವರಿಂದ ತಲೆ ತಪ್ಪಿಸಿಕೊಂಡು ತಿರುಗಬೇಕಾಗುತ್ತದೆ ಎಂದುಕೊಂಡ.

ಬಸಲಿಂಗ ಸ್ಟೇರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಕೈಯಲ್ಲಿನ ಸ್ಕ್ಯಾನರ್ ನೋಡುತ್ತಾ ಹುಬ್ಬೇರಿಸಿದ. ಬಾಗಲಕೋಟೆ ಕಡೆಯವನು, ನಲವತ್ತರ ಆಸುಪಾಸು, ಬಾಯಿತುಂಬ ಮಾತಾಡುವ ಜಾತಿ. "ಸಾರ್, ಲೈಟ್ ಹತ್ತಿದ ಮ್ಯಾಲೆ ಸಾವಿರದ ನೂರಾ ನಲವತ್ತು ಕಿಲೋಮೀಟರ್ ಓಡಸೀರಿ. ಇದರಾಗ ಬರೀತೈತ್ರಿ ಅದು. ನೀವು ಲೈಟ್ ನೋಡೇ ಇಲ್ಲೇನು?" ಎಂದವನು ತಾನೇ ದೀಪವನ್ನು ಹುಡುಕಿ, ಬಿಂದಿ ಕಂಡು, ದೊಡ್ಡದಾಗಿ ನಕ್ಕ. "ಏ, ಇದು ಯಾರ ಕೆಲಸರಿ? ಅಕ್ಕಾರದೇನು?" ಕೃಷ್ಣಸ್ವಾಮಿ ಹೌದೆಂದು ತಲೆಯಾಡಿಸಿದ. "ಅವಳಿಗೆ ಆ ಲೈಟು ಕಣ್ಣಿಗೆ ಚುಚ್ಚತ್ತೆ" ಎಂದ. ಚುಚ್ಚುತ್ತಿತ್ತು ಅನ್ನಬೇಕಿತ್ತು. ಬಾಯಿತಪ್ಪಿ ಬಂದದ್ದನ್ನು ತಿದ್ದಲು ಹೊರಟವನು ತಿದ್ದಲಿಲ್ಲ. ಸತ್ಯವತಿ ಹೋಗಿ ಹನ್ನೊಂದು ತಿಂಗಳಾಗಿತ್ತು. ಹಾಲಿನವನು, ಬ್ಯಾಂಕಿನವರು, ಎದುರುಮನೆಯವರು, ಎಲ್ಲರಿಗೂ ಗೊತ್ತಿದ್ದ ವಿಷಯ ಈ ಶೆಡ್ಡಿಗೆ ಮಾತ್ರ ಗೊತ್ತಿರಲಿಲ್ಲ. ತಗಡಿನ ಸೂರಿನ ಕೆಳಗೆ, ಗ್ರೀಸು ಮೆತ್ತಿದ ನೆಲದ ಮೇಲೆ, ಅವಳು ಇನ್ನೂ ಇದ್ದಳು. ಮನೆಯಲ್ಲಿ ಹುಳಿಗೆ ಬೇಳೆ ಹಾಕಿ ಗಂಡ ಎಷ್ಟೊತ್ತಿಗೆ ಬರುತ್ತಾನೋ ಎಂದು ಗಡಿಯಾರ ನೋಡುತ್ತಿದ್ದಳು. "ಮನ್ಯಾಗ ಹೆಣ್ಮಕ್ಕಳು ಅಂದ್ರ ಹಿಂಗಽ ನೋಡ್ರಿ. ನಮ್ಮಾಕಿ ಮಿಕ್ಸಿ ಸುಡೂ ಮಟ ಹೇಳೂದಿಲ್ಲ" ಎಂದ ಬಸಲಿಂಗ. ಕೃಷ್ಣಸ್ವಾಮಿ ನಕ್ಕ. ಹೆಂಡತಿಯನ್ನು ಹೀಗೆ ಇನ್ನೊಬ್ಬ ಗಂಡಸಿನ ಜೊತೆ ಸೇರಿ ಆಡಿಕೊಂಡು ಎಷ್ಟು ದಿನವಾಗಿತ್ತು. ನಕ್ಕ ಮೇಲೆ ಹೇಸಿಗೆಯಾಯಿತು, ಆದರೂ ಸುಖವಾಗಿತ್ತು.

ಕೆಂಪು ಚುಕ್ಕೆ ಅಂದರೆ ರಿಜೆಕ್ಟ್, ಹಸಿರು ಚುಕ್ಕೆ ಅಂದರೆ ಪಾಸ್. ಮೂವತ್ತನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅವನು ಮಾಡಿದ್ದು ಇಷ್ಟೇ ಕೆಲಸ: ಅಳೆಯುವುದು, ಚುಕ್ಕೆ ಇಡುವುದು. ಇವೆರಡರ ಮಧ್ಯೆ ಇನ್ನೊಂದು ದಾರಿಯಿತ್ತು, ಅದಕ್ಕೆ ಡೀವಿಯೇಷನ್ ಅನ್ನುತ್ತಿದ್ದರು. ಅಳತೆಯಲ್ಲಿ ಚೂರು ತಪ್ಪಿದ್ದರೂ ಕೆಲಸಕ್ಕೆ ಬರುತ್ತದೆ ಎಂದು ಇನ್‌ಸ್ಪೆಕ್ಟರು ಒಂದು ಚೀಟಿಗೆ ಸಹಿ ಹಾಕಿದರೆ ಆ ಪಾರ್ಟು ಹಾಗೆಯೇ ಮುಂದಕ್ಕೆ ಹೋಗುತ್ತಿತ್ತು. ತಿಂಗಳ ಕೊನೆಯಲ್ಲಿ ಪ್ರೊಡಕ್ಷನ್ನಿನವರು ಚೀಟಿ ಹಿಡಿದು ಅವನ ಮೇಜಿನ ಸುತ್ತ ಗಿರಕಿ ಹೊಡೆಯುತ್ತಿದ್ದರು, ಅವನು ಮಿಸುಕುತ್ತಿರಲಿಲ್ಲ. ಕೃಷ್ಣಸ್ವಾಮಿ ಸಹಿ ಹಾಕಿದ ಅಂದರೆ ಕಣ್ಣುಮುಚ್ಚಿ ಫಿಟ್ ಮಾಡಬಹುದು ಎಂದು ಫ್ಯಾಕ್ಟರಿಯೇ ಹೇಳುತ್ತಿತ್ತು. ಮನೆಯಲ್ಲಿ ಮಾತ್ರ ಅವನು ಧಾರಾಳಿ. ತೊಟ್ಟಿಕ್ಕುವ ನಲ್ಲಿ, ಜೋರಾಗಿ ಎಳೆದರೆ ಮಾತ್ರ ಮುಚ್ಚುವ ಬೀರು, ಒಂದು ಕಾಲು ಗಿಡ್ಡವಾದ ಸ್ಟೂಲು, ಎಲ್ಲಕ್ಕೂ ಡೀವಿಯೇಷನ್. ಫ್ಯಾಕ್ಟರಿಯಲ್ಲಿ ಸವೆಸಿ ಬಂದ ಶಿಸ್ತನ್ನು ಮನೆಯಲ್ಲೂ ಯಾರು ಹೊತ್ತುಕೊಂಡು ಓಡಾಡುತ್ತಾರೆ? ಸತ್ಯವತಿಗೆ ಆ ಮಾತು ಅಭ್ಯಾಸವಾಗಿಬಿಟ್ಟಿತ್ತು. "ಇದು ಪಾಸೋ, ಡೀವಿಯೇಷನ್ನೋ ಹೇಳಿಬಿಡಿ" ಎಂದು ಸೀದ ಒಗ್ಗರಣೆಯ ಸಾರು ಬಡಿಸುತ್ತಾ ಕೇಳುತ್ತಿದ್ದಳು. ಹೋದ ವರ್ಷ ಅಕ್ಟೋಬರಿನಲ್ಲಿ ಟೆರೇಸಿನ ಮೆಟ್ಟಿಲಿನ ಮಧ್ಯೆ ನಿಂತು ಕಂಬಿ ಹಿಡಿದು ಏದುಸಿರು ಬಿಡುತ್ತಾ, ಅವನು ಏನಾಯ್ತೆಂದು ಕೇಳಿದಾಗ, "ಏನಿಲ್ಲ ಕಣ್ರೀ, ಡೀವಿಯೇಷನ್ನು" ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಅದಕ್ಕೂ ಸಹಿ ಬಿದ್ದಿತ್ತು.

ದೀಪಕ್ಕೆ ಬಿಂದಿ ಬಿದ್ದದ್ದು ಅದಕ್ಕೂ ಮುಂಚೆ, ಪಾಪಯ್ಯ ಎಚ್ಚರಿಸಿದ ದಿನವೇ ಸಂಜೆ. ಇಬ್ಬರೂ ಮಾಕಳಿಯ ಕಡೆ ಒಂದು ನಾಮಕರಣಕ್ಕೆ ಹೊರಟಿದ್ದರು. "ರೀ, ಆ ಹಳದಿ ಲೈಟು ಏನು? ನನ್ನನ್ನೇ ನೋಡ್ತಿದೆ" ಎಂದಳು ಅವಳು. "ಅದು ಸೆನ್ಸರ್ ಕಣೇ. ಹಳೇ ಗಾಡಿ, ಸುಮ್ನೆ ಉರಿಯತ್ತೆ." "ಪಾಪಯ್ಯ ಏನೋ ಅಂದನಂತಲ್ಲ?" "ಅವನು ಹಾಗೇ ಅಂತಾನೆ. ಕಣ್ಣಿಗೆ ಚುಚ್ಚಿದ್ರೆ ಏನಾದ್ರೂ ಅಂಟಿಸಿ ಮುಚ್ಚಿಬಿಡು." ಅವಳು ಪರ್ಸಿನಿಂದ ಬಿಂದಿಯ ಶೀಟು ತೆಗೆದಳು, ಒಂದನ್ನು ಉಗುರಿನ ತುದಿಯಲ್ಲಿ ಎಬ್ಬಿಸಿ ಕೈಯಲ್ಲೇ ಹಿಡಿದುಕೊಂಡು ಅವನ ಮುಖ ನೋಡಿದಳು. "ನಿಜ ಹೇಳಿ, ಏನೂ ಆಗಲ್ಲ ತಾನೆ?" ಸ್ಟೇರಿಂಗಿನ ಮೇಲಿನ ಕೈ ತೆಗೆಯದೆ ಅವನು ದೊಡ್ಡ ಅಧಿಕಾರಿಯ ಗತ್ತಿನಲ್ಲಿ, "ಡೀವಿಯೇಷನ್, ಪಾಸ್" ಎಂದ. ಅವಳು ಅಂಟಿಸಿ, ತಲೆ ಓರೆ ಮಾಡಿ ನೋಡಿ, "ಕೆಂಪು ಅಂದ್ರೆ ರಿಜೆಕ್ಟ್ ಅಲ್ವೇನ್ರೀ?" ಎಂದು ಕೆಣಕಿದಳು. "ಇದು ಮೆರೂನು" ಎಂದಿದ್ದ ಅವನು. ಆ ಸಂಜೆಯಷ್ಟು ಹಗುರಾಗಿ ಇಬ್ಬರೂ ನಕ್ಕದ್ದು ಅವನಿಗೆ ಇನ್ನೊಂದು ನೆನಪಿಲ್ಲ.

"ಸಾರ್, ಬರ್ರಿ ಇಲ್ಲೆ" ಎಂದು ಬಸಲಿಂಗ ಕರೆದ. ಗಾಡಿಯ ಅಡಿಯಿಂದ ಬಿಚ್ಚಿದ ಒಂದು ಕಬ್ಬಿಣದ ಡಬ್ಬಿಯನ್ನು, ಇಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಕೂತು ಹೊಗೆಯನ್ನು ಶುದ್ಧ ಮಾಡುವ ಕನ್ವರ್ಟರನ್ನು, ಕಟ್ಟರಿನಿಂದ ಉದ್ದಕ್ಕೆ ಸೀಳಿ ಇಟ್ಟಿದ್ದ. ಎಷ್ಟು ವರ್ಷವಾಗಿತ್ತು ಒಂದು ಪಾರ್ಟನ್ನು ಹೀಗೆ ಅಂಗೈಯಲ್ಲಿಟ್ಟು ನೋಡಿ. ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡಾಗ ಬೆರಳುಗಳಿಗೆ ಹಳೆಯ ಹುರುಪು ಬಂತು, ಆ ಹುರುಪಿಗೆ ನಾಚಿಕೆಯೂ ಆಯಿತು. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಂಡಿಗಳಿರಬೇಕಿತ್ತು. ಅಂಚಿನಲ್ಲಿ ಒಂದಿಷ್ಟು ಇದ್ದವು. ನಡುವೆ ಎಲ್ಲ ಕರಗಿ, ಗಟ್ಟಿಯಾಗಿ, ಬೂದು ಬಣ್ಣದ ಉಂಡೆ ಕಟ್ಟಿಕೊಂಡಿತ್ತು. "ಹೊಗಿ ಹೋಗಾಕ ದಾರಿನೇ ಇಲ್ರಿ. ಅದಕ್ಕಽ ಗಾಡಿ ಎಳೀವಲ್ದು. ನೀವು ಎಷ್ಟು ಒತ್ತಿದ್ರೂ ಅಷ್ಟ." ಕೃಷ್ಣಸ್ವಾಮಿ ಕೇಳಿದ: "ಇದು ಯಾವಾಗ ಹೀಗಾಗಿರಬಹುದು?" ಈ ಒಂದು ಪ್ರಶ್ನೆಗಾಗಿಯೇ ಅವನು ಬಂದದ್ದು. ಎಮಿಷನ್ ಚೀಟಿಗಾಗಿ ಅಲ್ಲ. ಜನವರಿಯಿಂದ ಈಚೆಗೆ ಅವನು ಕಾರು ತೆಗೆದದ್ದೇ ಕಡಿಮೆ. ಬೆಳಿಗ್ಗೆ ಬೆಳಿಗ್ಗೆ ಕಾಂಪೌಂಡಿನೊಳಗೇ ಸ್ಟಾರ್ಟ್ ಮಾಡಿ, ಬ್ಯಾಟರಿ ಸಾಯದಿರಲಿ ಎಂಬ ನೆವದಲ್ಲಿ, ಪಕ್ಕದ ಖಾಲಿ ಸೀಟಿನ ಜೊತೆ ಹತ್ತು ನಿಮಿಷ ಕೂತು ಒಳಗೆ ಬರುತ್ತಿದ್ದ. ಆ ಹತ್ತು ನಿಮಿಷಗಳೇ ಇದನ್ನು ಹೀಗೆ ಕರಗಿಸಿರಬಾರದೇಕೆ? ಹಾಗಾಗಿದ್ದರೆ ಸತ್ಯವತಿಯನ್ನು ಆಸ್ಪತ್ರೆಗೆ ಒಯ್ದ ಆ ದಿನ ಗಾಡಿ ಸರಿಯಿತ್ತು ಎಂದಾಗುತ್ತದೆ. ಗಾಡಿ ಸರಿಯಿದ್ದರೆ ಆ ದಿನ ತಡವಾದದ್ದು ಅವನ ಹೆದರಿಕೆಯಿಂದ, ನಡುಗುವ ಕಾಲಿನಿಂದ. ಹೆದರಿಕೆಯನ್ನಾದರೂ ದೇವರು ಮನ್ನಿಸುತ್ತಾನೆ, ಅವಳೂ ಮನ್ನಿಸುತ್ತಾಳೆ. "ದಿನಾ ನಿಲ್ಲಿಸಿದಲ್ಲೇ ಸ್ಟಾರ್ಟ್ ಇಡ್ತೀನಪ್ಪ, ಅದರಿಂದ ಆಗಿರಬಹುದಾ?" ಎಂದ, ಹೌದು ಅನ್ನು ಎಂದು ಬೇಡಿಕೊಳ್ಳುವ ದನಿಯಲ್ಲಿ.

ಬಸಲಿಂಗ ಡಬ್ಬಿಯ ಒಳಗೆ ಬೆರಳಾಡಿಸಿ ತೋರಿಸಿದ. "ನಿಲ್ಲಿಸಿ ಇಟ್ರ ಮಸಿ ಹಿಡೀತೈತ್ರಿ, ಹಿಂಗ ಕರಗೂದಿಲ್ಲ. ಇದು ರೋಡಿನ್ಯಾಗ ಓಡಿದಾಗ ಕರಗಿದ್ದು. ಒಂದು ಪ್ಲಗ್ ಸರಿ ಕಿಡಿ ಕೊಡವಲ್ದು, ಹಸಿ ಪೆಟ್ರೋಲ್ ಇಲ್ಲಿಗೆ ಬಂದು ಉರದೈತಿ. ಅದನ್ನ ಹೇಳಾಕಽ ಲೈಟ್ ಹತ್ತಿತ್ತು." ಕಿರುಬೆರಳಿನಷ್ಟಿದ್ದ ಒಂದು ಸ್ಪಾರ್ಕ್ ಪ್ಲಗ್ಗನ್ನು ಎತ್ತಿ ತೋರಿಸಿದ. "ಲೈಟ್ ಬಂದ ವಾರದಾಗ ತಂದಿದ್ರ ಇದೊಂದು ಬದಲಿ ಮಾಡಿ ಕಳಸ್ತಿದ್ದೆ. ಹತ್ತು ನಿಮಿಷದ ಕೆಲಸ." ಕೃಷ್ಣಸ್ವಾಮಿ ಪ್ಲಗ್ಗನ್ನು ಕೈಗೆ ತೆಗೆದುಕೊಂಡ. ಬಿಳಿಯ ಪಿಂಗಾಣಿಯ ಮೇಲೆ ಒಂದು ಸಣ್ಣ ಬಿರುಕಿತ್ತು. ಅವನ ಕಣ್ಣಿಗೆ ತಕ್ಷಣ ಬಿತ್ತು. ಅಂಥದ್ದು ಬೀಳದೆ ಇರುವ ಕಣ್ಣಲ್ಲ ಅದು. ರಿಜೆಕ್ಟ್, ಎಂದಿತು ಒಳಗೊಂದು ದನಿ, ಎಂದಿನ ಅಭ್ಯಾಸದಲ್ಲಿ.

ಜನವರಿಯ ಆ ದಿನ ಬೆಳಿಗ್ಗೆ ಸತ್ಯವತಿ ಟೆರೇಸಿನಲ್ಲಿ ಬಟ್ಟೆ ಹರವಿ ಇಳಿದು ಬಂದವಳು ಅಡುಗೆಮನೆಯ ಬಾಗಿಲಲ್ಲೇ ಕೂತಳು. ಎಡಗೈ ಜೋಮು, ಬೆವರು. ಆಂಬುಲೆನ್ಸಿಗೆ ಫೋನ್ ಮಾಡೋಣ ಎಂದು ಎದುರುಮನೆಯ ಶಶಿಕುಮಾರ್ ಹೇಳಿದ. "ಅದು ಬರೋಷ್ಟರಲ್ಲಿ ನಾನೇ ಮುಟ್ಟಿಸಿರ್ತೀನಿ" ಎಂದವನು ಇದೇ ಕೃಷ್ಣಸ್ವಾಮಿ. ಎಂಟನೇ ಮೈಲಿಯ ಹತ್ತಿರ ಫ್ಲೈಓವರ್ ಹತ್ತುವಾಗ ಗಡಿಯಾರದಲ್ಲಿ ಏಳು ಗಂಟೆ ಎಂಟು ನಿಮಿಷ. ಏರು ಶುರುವಾದದ್ದೇ ಗಾಡಿಗೆ ಉಬ್ಬಸ ಬಂದಂತೆ ಆಯಿತು. ಪೆಡಲು ನೆಲ ಮುಟ್ಟುವಷ್ಟು ಒತ್ತಿದರೂ ಮುಳ್ಳು ಇಪ್ಪತ್ತು ದಾಟಲಿಲ್ಲ. ಅಥವಾ ಅವನು ಒತ್ತಲೇ ಇಲ್ಲವೋ? ಹನ್ನೊಂದು ತಿಂಗಳು ಅವನು ತನ್ನ ಬಲಗಾಲನ್ನು ಇದೊಂದೇ ಕೇಳುತ್ತಾ ಬಂದಿದ್ದ. ಹಿಂದಿನಿಂದ ಹಾರನ್ನಿನ ಮೇಲೆ ಹಾರನ್ನು. ಫ್ಯಾಕ್ಟರಿ ಬಸ್ಸೊಂದು ಪಕ್ಕಕ್ಕೆ ಬಂದು, ಕಿಟಕಿಯಲ್ಲಿ ಒಬ್ಬ, "ತಾತಾ, ಮನೇಲಿ ಮಲಕ್ಕೋಬಾರ್ದಾ?" ಎಂದು ಕೂಗಿದ. ಆ ಹೊತ್ತಿನಲ್ಲೂ ಅವನಿಗೆ ಅವಮಾನವಾಯಿತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ: ಪಕ್ಕದಲ್ಲಿ ಹೆಂಡತಿ ಸಾಯುತ್ತಿದ್ದಾಗ ತಾನು ತಾತ ಅನ್ನಿಸಿಕೊಂಡದ್ದಕ್ಕೆ ನೊಂದುಕೊಂಡಿದ್ದ. ಸತ್ಯವತಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟು, "ಗಾಬರಿ ಆಗ್ಬೇಡಿ, ನಿಧಾನಕ್ಕೇ ಹೋಗಿ" ಎಂದಳು. ಮತ್ತೆ ಮಾತಾಡಲಿಲ್ಲ. ಫ್ಲೈಓವರ್ ಇಳಿದಾಗ ಏಳು ಇಪ್ಪತ್ತೆರಡು. ಆಸ್ಪತ್ರೆಯ ಹುಡುಗುಮುಖದ ಡಾಕ್ಟರು ಕೈಗವಸು ಕಳಚುತ್ತಾ, ಕೆಟ್ಟ ಮನಸ್ಸಿನಿಂದೇನೂ ಅಲ್ಲ, "ಒಂದು ಹತ್ತು ನಿಮಿಷ ಮುಂಚೆ ಬಂದಿದ್ರೆ ಟ್ರೈ ಮಾಡಬಹುದಿತ್ತು ಅಂಕಲ್" ಎಂದರು.

ಇಷ್ಟೇ ಆಗಿದ್ದರೆ ಅದೊಂದು ದುಃಖವಾಗುತ್ತಿತ್ತು. ಅದನ್ನು ಪಾಪ ಮಾಡಿದ್ದು ಹದಿಮೂರನೆಯ ದಿನ ಅವನಾಡಿದ ಒಂದು ಮಾತು. ಬೊಮ್ಮನಹಳ್ಳಿಯಲ್ಲಿ ಶಾಲೆ ಟೀಚರಾಗಿರುವ ಮಗಳು ಸುಕೃತಿಯನ್ನು ಅವತ್ತು ಮೆಟ್ರೋ ಸ್ಟೇಷನ್ನಿಗೆ ಬಿಡಲು ಹೋಗುತ್ತಿದ್ದ. ಅವಳಿಗೆ ಬಿಂದಿ ಕಂಡಿತು. ಬಗ್ಗಿ ನೋಡಿದಾಗ ಹಿಂದಿನ ಬೆಳಕೂ ಕಂಡಿತು. "ಇದೇನಪ್ಪಾ?" "ನಿಮ್ಮಮ್ಮ ಅಂಟಿಸಿದ್ದು. ಕಣ್ಣಿಗೆ ಚುಚ್ಚತ್ತೆ ಅಂತ." ಸುಕೃತಿ ಬಿಂದಿಯನ್ನು ಬೆರಳಿನಿಂದ ಮುಟ್ಟಿ ಕೇಳಿದಳು: "ಆ ಲೈಟು ಕಾಣಿಸ್ತಾ ಇದ್ದಿದ್ರೆ ನೀನು ಸರಿ ಮಾಡಿಸ್ತಿದ್ದೆ ಅಲ್ವಾಪ್ಪಾ?" ಅವನು "ಹೂಂ" ಎಂದ. ಅಷ್ಟೇ, ಒಂದು ಹೂಂ. ಆಡಿದ ಮಾತಿನಲ್ಲಿ ಸುಳ್ಳೆಂಬುದು ಬೇರೇನೂ ಇರಲಿಲ್ಲ. ಅಂಟಿಸಿದ್ದು ಅವಳೇ, ಬಿಂದಿಯೂ ಅವಳದೇ. ಬೂದಿಯಾದವಳ ಮೇಲೆ ತನ್ನ ತಪ್ಪನ್ನು ಜಾರಿಸಿ ಅವನು ಕ್ಲಚ್ ಒತ್ತಿದ, ಗೇರು ಬದಲಿಸಿದ. ಸುಕೃತಿ ಕಿಟಕಿಯ ಕಡೆ ತಿರುಗಿ ಅತ್ತಳು. ತಾಯಿಗಾಗಿ ಅಳುತ್ತಿದ್ದಾಳೆ ಎಂದುಕೊಂಡ ಅವನು.

ಹೊಸ ಕನ್ವರ್ಟರು ಬಂದು, ಪ್ಲಗ್ಗು ಬಂದು, ಎಲ್ಲ ಕೂರಿಸಿ ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ಶೆಡ್ಡಿನ ಆಚೆ ಚಹಾ ಕುಡಿದು ಬಂದ ಕೃಷ್ಣಸ್ವಾಮಿ ಮೊದಲು ನೋಡಿದ್ದು ಗಾಜನ್ನು. ಬಿಂದಿ ಇರಲಿಲ್ಲ. ಅದರ ಜಾಗದಲ್ಲಿ ಒರೆಸಿದ ಗಾಜು ಹೊಳೆಯುತ್ತಿತ್ತು, ದೀಪವೂ ಆರಿತ್ತು. "ಎಲ್ಲಿ? ಇಲ್ಲಿದ್ದಿದ್ದು ಎಲ್ಲಿ?" ಎಂದು ಅವನು ಕೂಗಿಕೊಂಡದ್ದು ಪಕ್ಕದ ಲೇತ್ ಶಾಪಿನವರೂ ತಿರುಗಿ ನೋಡುವಂತಿತ್ತು. ಆಗಲೇ ಅವನು ಬಗ್ಗಿ, ಗ್ರೀಸಿನ ನೆಲದಲ್ಲಿ, ಬೋಲ್ಟು ನಟ್ಟುಗಳ ನಡುವೆ ಹುಡುಕತೊಡಗಿದ್ದ. "ಏ ಸಾರ್, ಏಳ್ರಿ, ಏಳ್ರಿ" ಎಂದು ಬಸಲಿಂಗ ಓಡಿಬಂದ. "ಮುತ್ತೈದಿ ಹಣಿದು, ನೆಲಕ ಯಾಕ ಒಗೀಲ್ರಿ ನಾನು?" ಹೊಸ ಪಾರ್ಟು ಬಂದ ರಟ್ಟಿನ ಡಬ್ಬಿಯಿಂದ ಒಂದು ತುಂಡು ಹರಿದು, ಅದರ ಮೇಲೆ ಬಿಂದಿ ಅಂಟಿಸಿ, ಗಣಪತಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಟ್ಟಿದ್ದ. ಅದನ್ನು ಎರಡೂ ಕೈಯಲ್ಲಿ ಕೊಟ್ಟ. "ಅಕ್ಕಾರಿಗೆ ಕೊಡ್ರಿ. ಮತ್ತ ಇನ್ನೊಮ್ಮಿ ಲೈಟ್ ಬಂದ್ರ ಟಿಕಳಿ ಹಚ್ಚಬ್ಯಾಡ್ರಿ, ಗಾಡಿ ನನ್ನ ಕಡಿ ಕಳಸ್ರಿ ಅಂತ ಹೇಳ್ರಿ." "ಹೇಳ್ತೀನಿ" ಎಂದ ಕೃಷ್ಣಸ್ವಾಮಿ. "ಮೊದಲ ಒಂದು ರೌಂಡ್ ಹೊಡದು ಬರ್ರಿ. ಅಕ್ಕಾರದೇನೂ ತಪ್ಪಿಲ್ಲ ಬಿಡ್ರಿ, ಅವರಿಗೇನ್ ಗೊತ್ತಾಗಬೇಕು ಇಂಥಾವೆಲ್ಲ. ಗಾಡಿ ಓಡಸೋರು ಹೇಳಬೇಕು." ಆ ಮನುಷ್ಯ ಸಮಾಧಾನಕ್ಕೆಂದೇ ಹೇಳಿದ್ದ, ಹೇಳಿ ಕೈ ಒರೆಸಿಕೊಳ್ಳಲು ಹೋದ.

ಎಂಟನೇ ಮೈಲಿಯವರೆಗೆ ಹೋಗಿ, ತಿರುಗಿಸಿಕೊಂಡು, ಅವನು ಫ್ಲೈಓವರ್ ಹತ್ತಿದ. ಗಡಿಯಾರದಲ್ಲಿ ಎರಡು ಗಂಟೆ ಹದಿನೇಳು ನಿಮಿಷ. ಹತ್ತಬೇಡ ಎಂದು ಗಾಡಿಯನ್ನು ಬೇಡಿಕೊಂಡ. ಎಳೆಯಬೇಡ, ಉಬ್ಬಸಪಡು, ನಿನ್ನದು ಬರಿಯ ಮುದಿತನ, ಅವತ್ತೂ ಇವತ್ತೂ ಅಷ್ಟೇ ಎಂದು ತೋರಿಸಿಕೊಡು. ಪೆಡಲಿನ ಮೇಲೆ ಪಾದವನ್ನು ಸುಮ್ಮನೆ ಇಟ್ಟನಷ್ಟೇ, ಗಾಡಿ ನಿರಾಯಾಸವಾಗಿ ಮೇಲೇರಿತು. ನಲವತ್ತು, ಐವತ್ತು, ಅರವತ್ತು. ಕೆಳಗೆ ಶೀಟಿನ ಸೂರುಗಳು, ಚಿಮಣಿಗಳು, ಮೆಟ್ರೋ ಕಂಬಗಳು ಹಿಂದೆ ಸರಿದವು. ಯಾರೂ ಹಾರನ್ ಮಾಡಲಿಲ್ಲ. ಕಾಲು ಸರಿಯಿತ್ತು. ಹನ್ನೊಂದು ತಿಂಗಳು ಸುಮ್ಮನೆ ಬೈದಿದ್ದ, ಪಾಪ, ಅದು ಅವತ್ತು ಒತ್ತಿಯೇ ಇತ್ತು. ಗೊರಗುಂಟೆಪಾಳ್ಯದ ಕಡೆ ಇಳಿದಾಗ ಎರಡು ಇಪ್ಪತ್ತೆರಡು. ಐದು ನಿಮಿಷ. ಅವತ್ತು ಹದಿನಾಲ್ಕು. ಒಂಬತ್ತು ನಿಮಿಷ ಉಳಿಯುತ್ತಿತ್ತು; ಡಾಕ್ಟರು ಹತ್ತು ಎಂದಿದ್ದರು. ಅಳತೆ ಇಷ್ಟು ಹತ್ತಿರ ಕೂತರೆ ಯಾವ ಇನ್‌ಸ್ಪೆಕ್ಟರೂ ಎರಡನೇ ಸಲ ಅಳೆಯುವುದಿಲ್ಲ. ಅವನು ಸರ್ವೀಸ್ ರಸ್ತೆಗೆ ತಿರುಗಿ, ಒಂದು ಮುಚ್ಚಿದ ಗೋಡೌನಿನ ಮುಂದೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿದ. ಅಲ್ಲಿಂದಲೇ ಸುಕೃತಿಗೆ ಫೋನ್ ಮಾಡಿದ.

"ಕ್ಲಾಸಿದೆ ಅಪ್ಪಾ, ಬೇಗ ಹೇಳು." ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಕಾರಿನ ಲೈಟ್ ಮೇಲೆ ಬಿಂದಿ ಇತ್ತಲ್ಲ, ಪುಟ್ಟಿ."

"ಹೂಂ."

"ಅಂಟಿಸು ಅಂದಿದ್ದು ನಾನು. ಅವಳು ಕೇಳಿದಳು, ಏನೂ ಆಗಲ್ಲ ತಾನೆ ಅಂತ. ನಿಜ ಹೇಳಿ ಅಂದಳು. ನಾನು ಪಾಸ್ ಅಂದೆ. ಪಾಪಯ್ಯ ಆಗಲೇ ಹೇಳಿದ್ದ ನಂಗೆ. ಒಂದು ಪ್ಲಗ್ಗು ಬದಲಾಯಿಸಿದ್ರೆ ಆಗ್ತಿತ್ತು. ನಿಂಗೆ ಅವತ್ತು ಹೂಂ ಅಂದೆ ನೋಡು, ಅದು ಸುಳ್ಳು ಕಣಮ್ಮ. ಲೈಟು ನಂಗೆ ಕಾಣಿಸ್ತಾನೇ ಇತ್ತು."

ಆಚೆ ಕಡೆ ಬಾಗಿಲು ಎಳೆದುಕೊಂಡ ಸದ್ದಾಯಿತು, ಮಕ್ಕಳ ಗಲಾಟೆ ನಿಂತಿತು. ಬೈಯಲಿ ಎಂದು ಅವನು ಕಾದ. ಬೈದರೆ ತಡೆದುಕೊಳ್ಳಬಲ್ಲೆ ಎಂದುಕೊಂಡಿದ್ದ.

"ದಿನಾ ಅಮ್ಮನ್ನ ಬೈತಿದ್ದೆ ಅಪ್ಪಾ ನಾನು" ಎಂದಳು ಸುಕೃತಿ. "ಅವಳ ಫೋಟೋ ಮುಂದೆ ನಿಂತ್ಕೊಂಡು. ದೀಪ ಹಚ್ಚುವಾಗ್ಲೆಲ್ಲ. ಬುದ್ಧಿ ಇರಲಿಲ್ವಾ ನಿಂಗೆ, ಲೈಟ್ ಮುಚ್ಚೋ ಅಂಥದ್ದು ಏನಿತ್ತು ಅಂತ. ಹನ್ನೊಂದು ತಿಂಗಳು ಬೈದಿದ್ದೀನಿ."

ಫೋನು ಕಟ್ಟಾಯಿತು. ಅವನು ರಟ್ಟಿನ ತುಂಡಿನಿಂದ ಬಿಂದಿಯನ್ನು ಉಗುರಿನ ತುದಿಯಲ್ಲಿ, ಅವಳು ಎಬ್ಬಿಸುತ್ತಿದ್ದ ರೀತಿಯಲ್ಲೇ, ಮೆಲ್ಲಗೆ ಎಬ್ಬಿಸಿದ. ಹಿಂಬದಿಗೆ ರಟ್ಟಿನ ನಾರೆಲ್ಲ ಮೆತ್ತಿಕೊಂಡು ಬಂತು. ಗಾಜಿನ ಮೇಲೆ ಅದೇ ಜಾಗದಲ್ಲಿ ಇಟ್ಟು ಒತ್ತಿದ. ಕೈ ತೆಗೆದರೆ ಬಿತ್ತು. ಸೀಟಿನ ಕೆಳಗಿಂದ ಹುಡುಕಿ ತೆಗೆದು ಮತ್ತೆ ಇಟ್ಟ, ಮತ್ತೆ ಬಿತ್ತು. ಮೂರನೆಯ ಸಲ ಹೆಬ್ಬೆರಳನ್ನು ತೆಗೆಯದೆ ಒತ್ತಿ ಹಿಡಿದುಕೊಂಡು, "ಸತ್ಯಾ, ಇನ್ನೊಂದ್ಸಲ ಲೈಟ್ ಬಂದ್ರೆ ಬಿಂದಿ ಅಂಟಿಸಬೇಡವಂತೆ, ಮೆಕ್ಯಾನಿಕ್ ಹೇಳಿ ಕಳಿಸಿದಾನೆ" ಎಂದ, ಹೇಳುತ್ತೇನೆಂದು ಒಪ್ಪಿಕೊಂಡು ಬಂದಿದ್ದನಲ್ಲ. ಆಮೇಲೆ ಅಳು ಬಂತು. ಆಸ್ಪತ್ರೆಯಲ್ಲಿ ಬರದೆ, ಹರಿಶ್ಚಂದ್ರ ಘಾಟಿನಲ್ಲಿ ಬರದೆ ಇದ್ದದ್ದೆಲ್ಲ ಒಟ್ಟಿಗೆ ಬಂತು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಬೇಕಿತ್ತು. ಎತ್ತಲಿಲ್ಲ, ಎತ್ತಿದರೆ ಅದು ಮತ್ತೆ ಬೀಳುತ್ತಿತ್ತು.